ಸೋಮವಾರದ ಕಂತಿನಲ್ಲಿ ಅಣ್ಣನ ಸ್ವೆಟರು

ಬುಧವಾರ, ತಾರೀಕು ಹದಿನಾಲ್ಕು

ಪ್ರೀತಿಯ ಅಕ್ಕಾ,

ಅಣ್ಣನ ಸ್ವೆಟರನ್ನು ಬಾಂಬು ಇಡುವವನಿಗೆ ತೊಡಿಸಿದ್ದು ತಪ್ಪು. ಇದನ್ನು ಮೊದಲು ಹೇಳಿಬಿಡುತ್ತೇನೆ, ಕುಶಲ ಆಮೇಲೆ. ಇಷ್ಟು ದಿನ ಕಾಗದ ಬರೆಯದಿದ್ದಕ್ಕೆ ಬೈದುಕೋ. ನಾವು ಚೆನ್ನಾಗಿದ್ದೇವೆ. ಅಮ್ಮನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಸೋಮವಾರ ನಿಮ್ಮ ಪೊಲೀಸ್ ಧಾರಾವಾಹಿ ನೋಡಲು ಕೂತಿದ್ದೆವು. ನೀನು ಅದರ ಉಡುಪು ವಿಭಾಗಕ್ಕೆ ಸೇರಿದ ಮೇಲೆ ಅಮ್ಮ ಒಂದು ಕಂತನ್ನೂ ಬಿಟ್ಟಿಲ್ಲ. ಕಥೆ ಅವಳಿಗೆ ಬೇಡ. "ಆ ಕಾಲರ್ ನೋಡು, ನಮ್ಮ ಹುಡುಗಿ ಇಸ್ತ್ರಿ ಮಾಡಿರೋದು" ಎನ್ನುತ್ತಾಳೆ. ಕೆಳಮನೆಯ ಗಡಿಯಾರ ರಿಪೇರಿ ಮಾವನೂ ಬಂದಿದ್ದರು. "ಈ ಇನ್‌ಸ್ಪೆಕ್ಟರ್ ಅರ್ಧ ಗಂಟೇಲಿ ಕಳ್ಳನ್ನ ಹಿಡೀತಾನಪ್ಪ. ನನ್ನ ಸೈಕಲ್ ಇನ್ನೂ ಹುಡುಕ್ತಾನೇ ಇದಾರೆ" ಎಂದು ನಗಿಸುತ್ತಿದ್ದರು.

ಆಗ ಮಾರುಕಟ್ಟೆಯ ಸಂದಿಯಿಂದ ಒಬ್ಬ ಓಡಿದ. ಬೆನ್ನು ಮಾತ್ರ ಕಾಣುತ್ತಿತ್ತು. ಹಸಿರು ಸ್ವೆಟರು, ಎಡತೋಳಿನ ತುದಿ ಕಂದು. ದಾರ ಸಾಲದೆ ಅಮ್ಮ ಹಾಗೆ ಮುಗಿಸಿದ್ದಳಲ್ಲ. ಇನ್‌ಸ್ಪೆಕ್ಟರ್ ಗುಂಡು ಹಾರಿಸಿದ. ಅವನು ಬಿದ್ದ. ನಗರ ಉಳಿಯಿತೆಂದು ಸಂಗೀತ ಮೊಳಗಿತು.

ಅಕ್ಕಾ, ನಮ್ಮಣ್ಣ ಬಸ್ ಡಿಪೋದಲ್ಲಿ ಪಾಳಿ ಮುಗಿಸಿ ಮನೆಗೆ ಬರುತ್ತಿದ್ದವನು. ಕರ್ಫ್ಯೂ ಹಾಕಿದ್ದೇ ಅವನಿಗೆ ಗೊತ್ತಿರಲಿಲ್ಲ. ಗುಂಡು ಹೊಡೆದ ಪೊಲೀಸರು ಅವನನ್ನು ಗಲಭೆಕೋರ ಎಂದು ಬರೆದುಕೊಂಡರು. ಆ ಸುಳ್ಳಿಗೆ ಅವನದೇ ಬಟ್ಟೆ ತೊಡಿಸಿ ನಿಮ್ಮ ಧಾರಾವಾಹಿ ಮನೆಮನೆಗೆ ಕಳುಹಿಸಿತು. ಗುಂಡು ಹೊಡೆದವನಷ್ಟೇ ಅಲ್ಲ, ಅವನನ್ನು ಹೊಗಳಿ ಹಾಡುವವನೂ ಜನರಿಗೆ ಉತ್ತರ ಕೊಡಬೇಕು. ನಾನು ಇದನ್ನು ನಮ್ಮ ಸಭೆಯ ಕರಪತ್ರದಲ್ಲಿ ಓದಿದ್ದೇನೆ, ನಂಬಿಯೂ ಇದ್ದೇನೆ. ಹೊಸ ಬಟ್ಟೆ ತೆರೆಯ ಮೇಲೆ ಸುಳ್ಳಾಗಿ ಕಾಣುತ್ತದೆ, ತೊಟ್ಟು ಸವೆದದ್ದೇ ಬೇಕು, ಸಾಲದಿದ್ದರೆ ನಾವೇ ಮನೆಯಿಂದ ಒಯ್ಯುತ್ತೇವೆ ಎಂದು ನೀನೇ ಹೇಳಿದ್ದೆ. ಆದರೆ ಇದನ್ನೇ ಕೊಡಬೇಕಿತ್ತೇ? ಕೆಲಸ ಬಿಟ್ಟು ಬಾ ಎಂದು ಅವತ್ತೇ ಬರೆಯಲು ಕೂತೆ.

ಅಮ್ಮ ಬಿಡಲಿಲ್ಲ. "ಸುಮ್ನಿರೇ, ನಿನ್ನ ಭಾಷಣ ಅವಳ ಮೇಲೆ ಬೇಡ. ಅದನ್ನ ಹಾಕ್ಕೊಂಡು ಯಾರಾದ್ರೂ ಒಂದ್ಸಲ ಓಡಾಡ್ಲಿ ಅನಿಸಿರತ್ತೆ, ಪಾಪ."

"ಕೊಂದ್ಬಿಟ್ರಲ್ಲಮ್ಮಾ ಅವನನ್ನ."

"ಅದಕ್ಕೆ ಮುಂಚೆ ಓಡಿದ್ನಲ್ಲ" ಎಂದಳು. ಮರುಪ್ರಸಾರ ಯಾವಾಗ ಎಂದು ಮಾವನನ್ನು ಕೇಳಿದಳು. ಅವರು ಬಾಗಿಲ ಬಳಿ ಚಪ್ಪಲಿ ಹುಡುಕತೊಡಗಿದರು.

ಸ್ವೆಟರಿಗೆ ಕೆಂಪು ಬಣ್ಣ ಬಳಿದಿದ್ದರೆ ತಣ್ಣೀರಲ್ಲೇ ಒಗೆಯಬೇಕಂತೆ. ನೀನು ಹೊತ್ತು ಹೊತ್ತಿಗೆ ಉಣ್ಣಬೇಕಂತೆ. ಅಮ್ಮ ನಿನ್ನ ತಲೆ ನೇವರಿಸಿ ಹರಸಿದ್ದಾಳೆಂದು ತಿಳಿದುಕೋ.

ನಿನ್ನ ಜಗಳಗಂಟಿ ತಂಗಿ,
ಕಿಡಿ

ಮತ್ತೊಂದು ಮಾತು: ಮೇಲಿನದೆಲ್ಲ ನಿಜ, ಆದರೆ ನಾನು ಬರೆದದ್ದು ಅದಕ್ಕಲ್ಲ. ಅಣ್ಣ ನಮ್ಮನ್ನು ಬಿಟ್ಟುಹೋದ ತಿಂಗಳಲ್ಲೇ ನೀನೂ ಸೇತುವೆ ದಾಟಿ ಸ್ಟುಡಿಯೋ ಕಡೆಯ ದಡಕ್ಕೆ ಹೋದೆ. ಅಮ್ಮನ ಎದುರು ನಾನು ಅತ್ತಿಲ್ಲ. ಸಭೆಗಳಲ್ಲಿ ಅವನ ಹೆಸರು ಘೋಷಣೆಯಾಗಿದೆ, ಅಲ್ಲಿ ಅಳುವಂತಿಲ್ಲ. ಅವನನ್ನು ಅಣ್ಣ ಎಂದು ಕರೆಯುವವರು ಈ ಊರಲ್ಲಿ ನಾವಿಬ್ಬರೇ ಅಕ್ಕಾ, ಆ ಇಬ್ಬರ ನಡುವೆಯೂ ಒಂದು ನದಿ. ಕೆಲಸ ಬಿಡುವ ಜಗಳ ಆಮೇಲೆ ಆಡೋಣ. ನಿಮ್ಮ ಸ್ಟುಡಿಯೋದ ಹಿಂದಿನ ಗೇಟಿನಲ್ಲಿ ನಿಂತಿರುತ್ತೇನೆ: ಈ ಶನಿವಾರ, ಹದಿನೇಳನೇ ತಾರೀಕು, ಮಧ್ಯಾಹ್ನ ಎರಡು ಗಂಟೆಗೆ.