ಹಳೇ ಡಬ್ಬಿಯೊಳಗಿನ ನೀಲಿ ಧೂಳು

ರಾಯದುರ್ಗ
23-10-2018, ಮಂಗಳವಾರ

ಮಗನೇ ಹರೀಶ,

ಅಮ್ಮನ ಆಶೀರ್ವಾದ ಮೊದಲು ತೆಗೆದುಕೋ, ಬೈಗುಳ ಆಮೇಲೆ. ನಿನ್ನಕ್ಕ ರೇವತಿಗೂ ಮಡಕಶಿರದ ಮನೆಯವರಿಗೂ ನಾನು ಕೇಳಿದೆನೆಂದು ಹೇಳು. ನಾವಿಲ್ಲಿ ಕ್ಷೇಮ. ಬರೆಯುವುದು ತಡವಾಯಿತು. ದಸರಾ ಮುಗಿಯಲಿ ಅಂದುಕೊಂಡೆ, ಬಳ್ಳಾರಿ ವ್ಯಾಪಾರಿಯ ಪ್ಯಾಂಟುಗಳು ಬಾಕಿ ಇದ್ದವು. ಅವು ಮುಗಿದವು, ಪೆನ್ನು ಹಿಡಿದು ಕುಳಿತರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಹೈಸ್ಕೂಲಿನಲ್ಲಿ ಪ್ರಬಂಧಕ್ಕೆ ಬಹುಮಾನ ತೆಗೆದುಕೊಂಡವಳು, ಮಗನಿಗೆ ಒಂದು ಕಾಗದ ಬರೆಯಲು ಹಾಳೆಯ ಮೇಲೆ ಹಾಳೆ ಹರಿದೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಯುಗಾದಿಯಿಂದ ಈಚೆಗೆ ಫೋನಿನಲ್ಲಿ ನಮ್ಮಿಬ್ಬರ ಮಾತು ಹೇಗಿದೆ ಎಂದು ನಿನಗೂ ಗೊತ್ತು. ನೀನು ‘ಹ್ಞೂಂ’ ಅನ್ನುತ್ತೀ, ನಾನು ‘ಸರಿ, ಇಡು’ ಅನ್ನುತ್ತೇನೆ.

ಈ ಕಾಗದ ನಿನ್ನ ಕಂಪ್ಯೂಟರಿನ ಜೊತೆಗೇ ಬರುತ್ತಿದೆ. ಹೌದು, ಅದೇ ಹಳೇ ಡಬ್ಬಿ. ಮುಚ್ಚಿಹೋದ ನೆಟ್ ಸೆಂಟರಿನಿಂದ ಕೊಂಡು ತಂದು, ನಮ್ಮ ಹೊಲಿಗೆ ಹಾಲಿನ ಮೂಲೆಯಲ್ಲಿಟ್ಟುಕೊಂಡು, ಮಿಷನ್ನುಗಳು ನಿಂತ ಮೇಲೆ ಕಾರು ಓಡಿಸುವ ಆಟ ಆಡುತ್ತಿದ್ದೆಯಲ್ಲ, ಅದು. ದೊಡ್ಡಬೀರಪ್ಪ ಟೆಂಪೋದಲ್ಲಿ ಜೀನ್ಸ್ ಬಂಡಲು ಹಾಕಿಕೊಂಡು ಹಿಂದೂಪುರಕ್ಕೆ ಹೋಗುವಾಗ ಮಡಕಶಿರದಲ್ಲಿ ಇಳಿಸಿ ಹೋಗುತ್ತಾನೆ. ಮೂಟೆ ನೋಡಿ ‘ಇದೇಮಕ್ಕಾ, ಪಾತ ಟೀವೀನಾ?’ ಎಂದು ತೆಲುಗಿನಲ್ಲಿ ಕೇಳಿದ. ‘ಹಳೇ ಟೀವಿ ಅಲ್ಲಪ್ಪಾ, ನನ್ನ ಮಗನ ಸಿಟ್ಟು. ಮೆತ್ತಗ ಇಳಿಸು’ ಅಂದೆ.

ಡಬ್ಬಿ ಹಳೆಯದು, ಒಳಗಿನದು ಬಹುಪಾಲು ಹೊಸದು. ಅದು ಹೇಗಾಯಿತು ಎಂದರೆ, ನಮ್ಮಲ್ಲಿ ಹೊಲಿಯುವ ತಿಪ್ಪಮ್ಮನ ಕೃಪೆ.

ಅಮಾವಾಸ್ಯೆಗೆ ನಾವು ಮಿಷನ್ನುಗಳಿಗೆ ರಜೆ ಕೊಟ್ಟು, ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಇಡುವುದು ನಿನಗೆ ಗೊತ್ತಲ್ಲ. ಭೀಮನ ಅಮಾವಾಸ್ಯೆಯ ದಿನ ಎಲ್ಲ ಮುಗಿದ ಮೇಲೆ ತಿಪ್ಪಮ್ಮ ನಿನ್ನ ಮೂಲೆ ನೋಡಿ, ‘ಅಕ್ಕಾ, ಅದೂ ಮಿಷನ್ನ ಐತಲ್ಲ, ಅದನ್ಯಾಕ ಉಪಾಸ ಕೆಡವೀರಿ? ಚಾಲೂ ಮಾಡಿ ಪೂಜಿ ಮಾಡಾಮು’ ಅಂದಳು. ಚಾಲೂ ಮಾಡಿದರೆ ಒಳಗಿನ ಫ್ಯಾನು ಕಿರುಗುಟ್ಟಿತು. ‘ಎಣ್ಣಿ ಕಾಣದ ಕೀರಲಾಕತ್ತೈತಿ ನೋಡ್ರಿ’ ಎಂದವಳೇ ಹಿಂದಿನ ತೂತಿನಿಂದ ಮಿಷನ್ ಎಣ್ಣೆಯನ್ನು ಸುರಿದೇ ಬಿಟ್ಟಳು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು, ಡಬ್ಬಿ ಸುಮ್ಮನಾಯಿತು.

ಬಸ್ ನಿಲ್ದಾಣದ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಗೋಪಣ್ಣನನ್ನು ಕರೆಸಿದೆ. ಮುಚ್ಚಳ ತೆಗೆದು ನೋಡಿ, ‘ಯಾರ್ರೀ ಇದರಾಗ ಎಣ್ಣಿ ಬಿಟ್ಟಾರು?’ ಅಂದ.

‘ನಾನಾ. ನಮ್ಮ ಮಿಷನ್ನಿಗೆ ಬಿಡಂಗಿಲ್ಲೇನು?’ ಎಂದು ತಿಪ್ಪಮ್ಮ ಸೊಂಟದ ಮೇಲೆ ಕೈ ಇಟ್ಟಳು.

‘ಬಿಟ್ಟೀಯವ್ವಾ, ಹಂಗಾ ಒಂದೀಟು ಸಾಸಿವಿ, ಕರಿಬೇವೂ ಹಾಕಿದ್ರ ಒಗ್ಗರಣಿ ಆಗಿರದು.’

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಒಳಗೆ ಬಗ್ಗಿ ನೋಡಿದೆ. ಹರೀಶ, ಅದರ ಒಳಗೆಲ್ಲ ನಮ್ಮ ಜೀನ್ಸಿನ ನೀಲಿ ಧೂಳು. ಗಾಳಿ ಹೋಗಿ ಬರುವ ಒಂದೊಂದು ಸಂದಿಯಲ್ಲೂ ಕಂಬಳಿಯ ಹಾಗೆ ಗಟ್ಟಿಯಾಗಿ ಕುಳಿತಿತ್ತು. ಹೆಂಚಿನ ಮೇಲಿನ ರೊಟ್ಟಿ ಎಬ್ಬಿಸುವ ಹಾಗೆ ಗೋಪಣ್ಣ ಅದನ್ನು ಎಬ್ಬಿಸಿದ. ‘ಪಾಪ, ಇದಕ್ಕ ಉಸಿರಾಡಾಕ ಜಾಗಾನ ಇದ್ದಿಲ್ಲಮ್ಮಾ’ ಅಂದ. ಆ ನೀಲಿ ರೊಟ್ಟಿಯನ್ನು ನನ್ನ ಕೈಯಲ್ಲಿಟ್ಟ. ಹತ್ತಿಯಷ್ಟು ಹಗುರವಾಗಿತ್ತು.

ಯುಗಾದಿಯ ಜಗಳ ನನಗೆ ಮರೆತಿಲ್ಲ. ಇದ್ದ ಡಬ್ಬಿಗೇ ಒಂದೊಂದೇ ಹೊಸ ಭಾಗ ಹಾಕಿಸುತ್ತೇನೆ, ಮೊದಲು ಚಿತ್ರ ಚೆನ್ನಾಗಿ ಕಾಣುವ ಆ ಕಾರ್ಡು, ಆಮೇಲೆ ಉಳಿದದ್ದು ಎಂದು ನೀನು ಹಟ ಹಿಡಿದಿದ್ದೆ. ಕೂಡಿಟ್ಟು ಹೊಸದೇ ತೆಗೆದುಕೋ, ಈ ಮನೆಯಿಂದ ತೇಪೆ ಹಚ್ಚಿದ ಪ್ಯಾಂಟು ಹೊರಗೆ ಹೋದದ್ದಿಲ್ಲ, ತೇಪೆ ಹಚ್ಚಿದ ಸಾಮಾನು ಒಳಗೆ ಇರುವುದೂ ಬೇಡ ಎಂದು ನಾನು. ನೀನು ಹೊಲಿಯುವವರೆಲ್ಲರ ಎದುರಿಗೆ ಕೇಳಿದೆ: ‘ನಿನ್ನ ಮಿಷನ್ನಿಗೆ ಮೋಟಾರು ಬದ್ಲಿ ಮಾಡಿದಿ, ಟೇಬಲ್ಲು ಬದ್ಲಿ ಮಾಡಿದಿ, ಬಟ್ಟಿ ಎಳಿಯೋ ಹಲ್ಲು ಬದ್ಲಿ ಮಾಡಿದಿ. ಅದೇನು ತ್ಯಾಪಿ ಅಲ್ಲೇನಮ್ಮಾ?’ ತಿಪ್ಪಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಿಮ್ಮಪ್ಪ ಹೋದಾಗ ನೀನು ತೊಟ್ಟಿಲಲ್ಲಿದ್ದೆ. ಅಂದಿನಿಂದ ಈ ಹೊಲಿಗೆ ಹಾಲಿನಲ್ಲಿ ನನ್ನ ಮಾತಿಗೆ ಯಾರೂ ಎದುರಾಡಿದ್ದಿಲ್ಲ. ‘ಹೊಸಾದು ತರೋ ತಾಕತ್ತು ಬಂದ ದಿನ ನಿನ್ನ ಮಾರಿ ತೋರ್ಸು’ ಅಂದೆ. ನೀನು ಬ್ಯಾಗು ಹೆಗಲಿಗೇರಿಸಿ ಅಕ್ಕನ ಊರಿನ ಬಸ್ಸು ಹತ್ತಿದೆ.

ಗೋಪಣ್ಣನೂ ನನ್ನ ಹಳೆಯ ಮಾತನ್ನೇ ಆಡಿದ. ಸುಟ್ಟುಹೋದ ಕರೆಂಟಿನ ಪೆಟ್ಟಿಗೆ, ಫ್ಯಾನು ಹಾಕಿದ ಮೇಲೆ, ‘ಇಲ್ಲಿಗೆ ನಿಲ್ಲಿಸ್ರಮ್ಮಾ. ಒಂದೊಂದಾ ಹಾಕ್ಕೆಂತ ಹೋದ್ರ ಹೊಸಾದಕ್ಕಿಂತ ಜಾಸ್ತಿ ಬೀಳ್ತೈತ್ರಿ. ಮುಂದಿನ ಯುಗಾದಿತನ ರೊಕ್ಕ ಕೂಡಿಸ್ರಿ, ಪಸಂದ್ ಹೊಸಾದು ಬರ್ತೈತಿ’ ಅಂದ.

‘ನೀನು ಹಾಕಪ್ಪಾ. ಈ ತಿಂಗಳು ಯಾವುದಾಗ್ತೈತಿ ಅದನ್ನ ಹಾಕು’ ಅಂದೆ.

‘ಯುಗಾದಿಗೆ ಮಗನ ಕೂಡ ಇದಕ್ಕಾ ಜಗಳ ಆಡಿದ್ರಂತಲ್ಲ?’

‘ಆಡಿದ್ದೆ. ನಿನ್ನ ಕೂಡನೂ ಆಡ್ಲೇನು?’

ಗೋಪಣ್ಣ ಮತ್ತೆ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡ. ಶ್ರಾವಣದಲ್ಲಿ ಮೆಮೊರಿ ಬಂತು. ಗಣೇಶನ ಹಬ್ಬ ಮುಗಿದ ಮೇಲೆ ಬೇಗ ಚಾಲೂ ಆಗುವ ಹೊಸ ಡಿಸ್ಕು. ನೀನು ಕೇಳಿದ್ದ ಕಾರ್ಡು ಅನಂತಪುರದಿಂದ ಮೊನ್ನೆ ಆಯುಧಪೂಜೆಯ ಹಿಂದಿನ ದಿನ ಬಂತು. ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅದೇ ಬೇಕೆಂದು ತರಿಸಿದ್ದೇನೆ. ಆಮೇಲೆ ಬೇರೆ ತಂದೆ ಎಂದು ಮುಖ ಊದಿಸಬೇಡ. ಪೂಜೆಯ ದಿನ ಗೋಪಣ್ಣ ನಿನ್ನ ಆಟ ಹಚ್ಚಿ ತೋರಿಸಿದ. ಕಾರು ಮಳೆಯಲ್ಲಿ ಓಡುತ್ತಿತ್ತು, ರಸ್ತೆಯ ನೀರಿನಲ್ಲಿ ದೀಪಗಳು ಕಾಣುತ್ತಿದ್ದವು. ತಿಪ್ಪಮ್ಮನಿಗೆ ಎಣ್ಣೆ ಡಬ್ಬಿ ಮುಟ್ಟಬೇಡ ಎಂದು ಹೇಳಿ, ಕುಂಕುಮ ನಾನೇ ಇಟ್ಟೆ. ನೀನು ಗೆದ್ದೆ ಎಂದು ಬೀಗಬೇಡ. ಹೊಸದೇ ಒಳ್ಳೆಯದೆಂದು ಈಗಲೂ ಹೇಳುತ್ತೇನೆ.

ಇನ್ನು ಮುಖ್ಯ ವಿಷಯ. ಮೊನ್ನೆ ರೇವತಿ ಫೋನ್ ಮಾಡಿದ್ದಳು. ಅವಳ ಮಾತೂ ಈಗ ಆ ಕಡೆಯದಾಗಿಬಿಟ್ಟಿದೆ. ‘ಅಮ್ಮ, ಹರೀಶ ದೀಪಾವಳಿಗೆ ಬತ್ತಾನಂತೆ ಕಣಮ್ಮ. ಬಂದು ಅಲ್ಲೇ ಇರ್ತಾನಂತೆ. ಓವರ್‌ಲಾಕ್ ಮಿಷನ್ನಿನ ಮ್ಯಾಲೆ ಕೂತ್ಕಂತೀನಿ, ಅಮ್ಮ ಮೂಲೇಲಿ ಕಂಪ್ಯೂಟ್ರಿಗೆ ಜಾಗ ಕೊಟ್ರೆ ಸಾಕು ಅಂತಾನೆ’ ಅಂದಳು.

ಬರಬೇಡ, ಹರೀಶ.

ಅಂಚು ಹೊಲಿಯುವ ಆ ಓವರ್‌ಲಾಕ್ ಮಿಷನ್ನು ಮಾರಿದ್ದೇನೆ. ಕಂಪ್ಯೂಟರಿನ ಜಾಗದಲ್ಲಿ ಗೋಡೆ ಒಡೆಸಿ ಧೂಳು ಹೊರಗೆಳೆಯುವ ದೊಡ್ಡ ಫ್ಯಾನು ಹಾಕಿಸಿದ್ದೇನೆ. ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೂರಬೇಕೆಂದು ಕಟ್ಟುನಿಟ್ಟು ಮಾಡಿದ್ದೇನೆ. ‘ಅಕ್ಕ ನಮ್ಮನ್ನೆಲ್ಲ ಕಳ್ಳರನ್ನ ಮಾಡ್ಯಾಳ’ ಎಂದು ತಿಪ್ಪಮ್ಮ ನಗುತ್ತಾಳೆ, ಆದರೂ ಕಟ್ಟುತ್ತಾಳೆ. ಇಲ್ಲಿ ನಿನಗೆ ಕೆಲಸವಿಲ್ಲ. ಅಲ್ಲಿಯೇ ಇರು. ಅಕ್ಕನ ಮನೆಯಲ್ಲಿ ರೇಷ್ಮೆ ಹುಳ ಸಾಕುವ ಕೋಣೆಗೆ ಕಾಲು ತೊಳೆಯದೆ ಹೋಗುವ ಹಾಗಿಲ್ಲ, ಹೊಗೆ ಕೂಡದು, ಧೂಳು ಕೂಡದು. ಹುಳದ ಉಸಿರಿಗೂ ಅಷ್ಟು ಜೋಪಾನ ಮಾಡುವ ಮನೆ ಅದು. ಹಿಪ್ಪುನೇರಳೆ ಸೊಪ್ಪು ಕೊಯ್ದುಕೊಡು, ಮಡಕಶಿರದ ಬಜಾರಿನಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕರೆ ಮಾಡು, ಸಂಜೆ ನಿನ್ನ ಕಾರು ಓಡಿಸಿಕೋ. ಸಿಟ್ಟಾದರೆ ಆಗು. ನಿನ್ನ ಸಿಟ್ಟು ನನಗೆ ಹೊಸದಲ್ಲ.

ನೀನು ಯಾವ ಮನೆಯಲ್ಲಿದ್ದರೂ ಅಲ್ಲಿ ಒಳ್ಳೆಯ ಗಾಳಿ ಬೆಳಕು ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಅಕ್ಕನಿಗೆ ಎದುರಾಡಬೇಡ, ಆ ಅಭ್ಯಾಸ ನನ್ನ ಹತ್ತಿರವೇ ಇರಲಿ. ನನ್ನ ಆಯಸ್ಸೂ ನಿನಗೇ ಸೇರಲಿ.

ನಿನ್ನ ತಾಯಿ,
ಉಜ್ಜಿನಮ್ಮ

ಮರೆತ ಮಾತು: ಮೇಲೆ ‘ಕ್ಷೇಮ’ ಎಂದು ಬರೆದಿದ್ದೇನೆ. ಕಾಗದ ಹಾಗೇ ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಗೋಪಣ್ಣ ಡಬ್ಬಿ ಬಿಚ್ಚಿದ ವಾರವೇ ತಿಪ್ಪಮ್ಮನನ್ನು ಕರೆದುಕೊಂಡು ಬಳ್ಳಾರಿಗೆ ಹೋಗಿ ಬಂದೆ. ಈ ಕೆಮ್ಮು ನೀನಿದ್ದಾಗಲೇ ಇತ್ತು, ಮಿಷನ್ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಡಾಕ್ಟರು ನನ್ನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ವಿವರಿಸಲು ಹೋದರು. ಬೇಕಾಗಿರಲಿಲ್ಲ, ಒಳಗೆ ಹೇಗಿರುತ್ತದೆ ಎಂದು ಆ ವಾರ ನೋಡಿದ್ದೆನಲ್ಲ. ‘ಮಾತ್ರೆ ಕೊಡ್ತೀನಮ್ಮ, ಬೇಗ ಹೆಚ್ಚಾಗದಂಗ ನೋಡ್ಕಂತೈತಿ. ಆಗಿದ್ದನ್ನ ತೆಗೆಯಾಕ ಬರಂಗಿಲ್ಲ’ ಅಂದರು. ಯಾವುದಾದರೂ ಭಾಗ ಬದಲಿ ಮಾಡಲು ಬರುತ್ತದೆಯೇ ಎಂದು ಕೇಳಿದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕರು.

ಹೊಸದಕ್ಕೆ ಕೂಡಿಡಬೇಕಾದರೆ ಮುಂದಿನ ಯುಗಾದಿ ಕೈಯಲ್ಲಿರಬೇಕು. ಅದನ್ನು ಗೋಪಣ್ಣನಿಗೆ ಹೇಳಲಾಗಲಿಲ್ಲ. ಫೋನಿನಲ್ಲಿ ‘ಸರಿ, ಇಡು’ ಅನ್ನುವುದು ಕೂಡ ಸಿಟ್ಟಿನಿಂದಲ್ಲ. ಅಷ್ಟೇ ಮಾತಿಗೆ ಉಸಿರು ಸಾಲುತ್ತದೆ. ನಿನ್ನಕ್ಕನಿಗೆ ಹೇಳಬೇಡ, ಅವಳ ಮನೆಯಲ್ಲಿ ಈಗ ಹುಳ ಗೂಡು ಕಟ್ಟುವ ಹೊತ್ತು.

ಡಬ್ಬಿಯ ಮೂಲೆಗಳಲ್ಲಿ ಇನ್ನೂ ಸ್ವಲ್ಪ ನೀಲಿ ಧೂಳು ಉಳಿದಿದೆಯಂತೆ. ಚಾಲೂ ಮಾಡುವ ಮೊದಲು ಅಂಗಳದಲ್ಲಿಟ್ಟು ತೆಗೆ. ಬಾಯಿಯಿಂದ ಊದಬೇಡ. ಮೂಗಿಗೆ ಬಟ್ಟೆ ಕಟ್ಟಿಕೋ.