ಅತ್ತೆ ಗೆಜ್ಜೆ ಬಿಚ್ಚಿದ ದಿನ

ಓಲ್ಜಾಟೊ
೧೪ ಅಕ್ಟೋಬರ್ ೧೯೪೮

ಪ್ರೀತಿಯ ದೇಸ್ಬಾ,

ಕೆಮ್ಮು ಹೇಗಿದೆ? ರಾತ್ರಿ ಬೆವರುವುದು ನಿಂತಿದೆ ಎಂದು ಹೋದ ಸಲ ಬರೆಸಿದ್ದೆಯಲ್ಲ, ಅದನ್ನು ಓದಿದ ದಿನ ನಾನು ಹೊಟ್ಟೆ ತುಂಬ ಉಂಡೆ. ಆಸ್ಪತ್ರೆಯ ಹಾಲು ಎಷ್ಟೇ ವಾಕರಿಕೆ ಬರಿಸಿದರೂ ಮೂಗು ಹಿಡಿದುಕೊಂಡು ಕುಡಿದುಬಿಡು. ನಿನ್ನ ಮೂಗಿನ ವಿಷಯ ಇನ್ನೂ ಇದೆ, ಆಮೇಲೆ ಹೇಳುತ್ತೇನೆ. ಪಕ್ಕದ ಹಾಸಿಗೆಯ ಹುಡುಗಿಯೇ ಇದನ್ನು ಓದಿ ಹೇಳುತ್ತಿದ್ದಾಳೆ ತಾನೇ? ತಂಗೀ, ನಾಚಿಕೊಂಡು ಸಾಲು ಹಾರಿಸಬೇಡ. ದೇಸ್ಬಾ, “ಮಗಳು ನಿಮ್ಮ ಹತ್ತಿರ ಬರುತ್ತಾಳಾ?” ಎಂದು ನೀನು ಕೇಳಿದ್ದೆ. ನೀನು ಆಸ್ಪತ್ರೆ ಸೇರಿದಾಗಿನಿಂದ ನನಬಾ ನಿಮ್ಮಮ್ಮನ ಮನೆಯಲ್ಲಿ. ಅಳಿಯನಾದ ನಾನು ಆ ಬಾಗಿಲಿಗೆ ಹೋಗುವ ಹಾಗಿಲ್ಲ. ನಿನ್ನ ಸೋದರಮಾವ ಅವಳನ್ನು ನಾನು ಮಲಗುವ ಕುರಿದೊಡ್ಡಿಯ ಹತ್ತಿರ ಕರೆತಂದರೆ, ಅವನ ಕಾಲ ಹಿಂದೆ ಅಡಗಿ ನನ್ನನ್ನು ಯಾರೋ ಉಣ್ಣೆ ವ್ಯಾಪಾರಿಯ ಹಾಗೆ ನೋಡುತ್ತಿದ್ದಳು. ನನಗೆ ಬಹಳ ನೋವಾಗುತ್ತಿತ್ತು. ಅದಕ್ಕೇ ನಿನಗೆ ಉತ್ತರ ಬರೆಯಲಿಲ್ಲ.

ಈಗ ಸಂತೋಷದ ಸುದ್ದಿ ಕೇಳು. ನಿನ್ನ ಗಂಡ ಸಿನಿಮಾದವನಾಗಿದ್ದಾನೆ. ಕೆಂಪು ಬಂಡೆಗಳ ಕೆಳಗೆ ಡೇರೆ ಹಾಕಿಕೊಂಡು ಹಾಲಿವುಡ್ಡಿನವರು ಕುದುರೆ ದಂಡಿನ ಕಥೆ ತೆಗೆಯುತ್ತಿದ್ದಾರೆ. ಅದರಲ್ಲಿ ನಾವೆಲ್ಲ ಅಪಾಚೆಗಳಂತೆ. ನವಾಹೋ ಅಂದರೂ ಅಪಾಚೆ ಅಂದರೂ ಅವರಿಗೆ ಒಂದೇ. ಸವಾರರು ಸಾಲದೆ ಬಂದಾಗ ನಮಗೇ ನೀಲಿ ಕೋಟು ತೊಡಿಸಿ, ದೂರದಿಂದ ಸೈನಿಕರನ್ನಾಗಿಯೂ ತೋರಿಸುತ್ತಾರೆ. ಬೆಳಿಗ್ಗೆ ಕೋಟು ಹಾಕಿಕೊಂಡು ಅಪಾಚೆಗಳನ್ನು ಅಟ್ಟಿಸಿಕೊಂಡು ಹೋದೆ, ಮಧ್ಯಾಹ್ನ ಕೋಟು ಬಿಚ್ಚಿ ನನ್ನಿಂದಲೇ ತಪ್ಪಿಸಿಕೊಂಡು ಓಡಿದೆ. ಎರಡೂ ಕಡೆ ನನ್ನಷ್ಟು ಚೆನ್ನಾಗಿ ಸವಾರಿ ಮಾಡಿದವನು ಇನ್ನೊಬ್ಬನಿರಲಿಲ್ಲ, ಬೇಕಾದರೆ ಅಲ್ಲೇ ಇದ್ದ ನಿನ್ನ ಸೋದರಮಾವನನ್ನೇ ಕೇಳು.

ಗುಂಡು ತಗುಲಿ ಬೀಳುವುದೂ ನಮ್ಮದೇ ಕೆಲಸ. ಬೀಳುವುದೇನೋ ಸರಿ, ಆದರೆ ಹೆಣದ ಹಾಗೆ ಅಲ್ಲಾಡದೆ ಮಲಗಿ ಸಾವನ್ನು ಕರೆಯುವವರು ಯಾರು? ಅದಕ್ಕೆ ನಾವೆಲ್ಲ ಬಿದ್ದ ಕೂಡಲೇ ಕಾಲಿನ ಹೆಬ್ಬೆರಳು ಆಡಿಸುತ್ತಿರುತ್ತೇವೆ. ಸಿನಿಮಾದವರ ಮೇಸ್ತ್ರಿ ಟಾಲ್ಬಟ್ ಬಂದು, “ಸತ್ತೋನು ಕಾಲ್ಬೆರಳು ಆಡಿಸ್ತಾನೇನಯ್ಯಾ?” ಎಂದು ರೇಗಿದ. “ನಿಮ್ಮ ಅಪಾಚೆ ಸತ್ತಿರ್ಬೋದು ಸ್ವಾಮಿ, ನಾನ್ ಸತ್ತಿಲ್ವಲ್ಲ” ಎಂದೆ. ಅವನು ತಲೆ ಚಚ್ಚಿಕೊಂಡು ಹೋದ.

ಗೊತ್ತಲ್ಲ, ಅತ್ತೆ ಅಳಿಯ ಪರಸ್ಪರ ಮುಖ ನೋಡಿದರೆ ಕಣ್ಣು ಹೋಗುತ್ತದೆಂಬ ನಮ್ಮ ಕಟ್ಟಳೆ ಈ ಜನಕ್ಕೆ ತಿಳಿಯದು. ಹಳ್ಳಿಯ ಹೆಂಗಸರು ಬೇಕೆಂದು ನಿಮ್ಮಮ್ಮನನ್ನೂ ಕರೆಸಿಬಿಟ್ಟಿದ್ದರು. ನಾನು ದೂರ ಸರಿಯಲೆಂದು ಅವರು ಲಂಗಕ್ಕೆ ಕಟ್ಟಿಕೊಳ್ಳುವ ಗೆಜ್ಜೆ ಇದೆಯಲ್ಲ, ಅದರ ಸದ್ದು ಧ್ವನಿ ಹಿಡಿಯುವ ಯಂತ್ರದೊಳಗೆ ಹೋಗುತ್ತದೆಂದು ಸಿನಿಮಾದವರು ಅದನ್ನೂ ಬಿಚ್ಚಿಸಿದರು. ನಿಮ್ಮಮ್ಮ ಶಾಲನ್ನು ಮುಖದ ಮೇಲೆ ಎಳೆದುಕೊಂಡು ಒಂದು ಡೇರೆಯ ಹಿಂದೆ ನಿಂತರಂತೆ. ಯಾವ ಡೇರೆ ಎಂದು ತಿಳಿಯದೆ ನಾನು ತಲೆ ತಗ್ಗಿಸಿಕೊಂಡೇ ಕುದುರೆ ಓಡಿಸಿದೆ. ನೆಲದ ಮೇಲೆ ಹರಡಿದ್ದ ವಿದ್ಯುತ್ ತಂತಿಗೆ ಕುದುರೆಯ ಕಾಲು ಸಿಕ್ಕಿದ್ದು ಗೊತ್ತು. ಆಮೇಲೆ ಏನಾಯಿತೋ ನನಗೆ ನೆನಪಿಲ್ಲ.

ಮಾವ ಹೇಳಿದ್ದು: ನಾನು ಬಿದ್ದದ್ದು ಟಾಲ್ಬಟ್‌ಗೆ ಬಹಳ ಹಿಡಿಸಿತಂತೆ. “ಭೇಷ್, ಇವತ್ತು ಕಲಿತ. ಹಂಗೇ ಬಿದ್ದಿರ್ಲಿ” ಎಂದು ಕೂಗುತ್ತಿದ್ದನಂತೆ. ನಮ್ಮ ಸವಾರರೆಲ್ಲ ಮುಂದೆ ಹೋಗಿಯಾಗಿತ್ತು. ಡೇರೆಗಳ ಕಡೆಯಿಂದ ಒಂದೇ ದನಿ ಎದ್ದಿತಂತೆ: “ಅಯ್ಯೋ, ಅವನ ಬೆರಳು ಆಡ್ತಿಲ್ಲ.” ಶಾಲು ಅಲ್ಲೇ ಎಸೆದು, ಹಿಂದಿನಿಂದ ನುಗ್ಗಿ ಬರುತ್ತಿದ್ದ ದಂಡಿನ ಕುದುರೆಗಳ ನಡುವೆ ಆ ಹೆಂಗಸು ಓಡಿ ಬಂತಂತೆ.

ನಾನು ಕಣ್ಣು ಬಿಟ್ಟಾಗ ನನ್ನ ತಲೆ ಯಾರದೋ ಮಡಿಲಲ್ಲಿತ್ತು. ಮೇಲೆ ನಿನ್ನ ಮೂಗು ಕಂಡಿತು. ನಿನ್ನದೇ, ಆದರೆ ವಯಸ್ಸಾದದ್ದು. ಅರ್ಥವಾದ ಕೂಡಲೇ ಗಾಬರಿಯಾಗಿ ಕಣ್ಣು ಮುಚ್ಚಿಬಿಟ್ಟೆ. ಕೆನ್ನೆಗೆ ಒಂದು ಏಟು ಬಿತ್ತು. “ಕಣ್ಣು ಮುಚ್ಬೇಡ. ನಿದ್ದೆ ಹೋದ್ರೆ ಹೋಗ್ಬಿಡ್ತೀಯ. ನನ್ನ ನೋಡು. ನೋಡ್ತಾನೇ ಇರು” ಎಂದರು. ದೇಸ್ಬಾ, ಡಾಕ್ಟರ ಗಾಡಿ ಬರುವ ತನಕ ನಾನು ಅವರನ್ನೇ ನೋಡುತ್ತಿದ್ದೆ. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು.

ತಲೆಗೆ ಹೊಲಿಗೆ ಹಾಕಿದ್ದಾರೆ, ಹೆದರಬೇಡ. ಕಣ್ಣು ಗಿಡುಗನ ಹಾಗಿದೆ, ಈ ಅಕ್ಷರ ನೋಡಿದರೇ ತಿಳಿಯುತ್ತದೆ. ದಿನದ ಮೊದಲ ಬಿಸಿಲು ನಿನ್ನ ಹಾಸಿಗೆಗೇ ಬೀಳಲಿ, ಬೇಗ ಎದ್ದು ಮನೆಗೆ ಬಾ.

ನಿನ್ನ
ಹಸ್ಕಿ

ತಾ.ಕ.: ಮಾವ ದೋಷ ಕಳೆಯುವ ಮಂತ್ರ ಹಾಡುವವರನ್ನು ಕರೆಸುತ್ತಾನಂತೆ. ನನ್ನನ್ನೂ ನಿಮ್ಮಮ್ಮನನ್ನೂ ಒಟ್ಟಿಗೆ ಕೂರಿಸಿ ಹಾಡಿದರೆ ಕಟ್ಟಳೆ ಕಳೆಯುತ್ತದಂತೆ. ನಿಮ್ಮಮ್ಮ ಅಲ್ಲಿಯ ತನಕವೂ ಕಾಯಲಿಲ್ಲ, “ನೋಡಿದ್ದು ನೋಡಿಯಾಯ್ತು, ಇನ್ನು ಅವನು ದೊಡ್ಡಿಯಲ್ಲಿ ಯಾಕೆ ಮಲಗ್ಬೇಕು?” ಎಂದರು. ನಾನು ಬರೆಯುತ್ತಿರುವುದು ಅವರ ಒಲೆಯ ಮುಂದೆ. ನೀನು ಮಗಳ ಬಗ್ಗೆ ಕೇಳಿದ್ದಕ್ಕೆ ಉತ್ತರ: ಬರುತ್ತಾಳೆ. ಈಗ ನನ್ನ ತೊಡೆಯ ಮೇಲೆ ಮಲಗಿ, ನನ್ನ ಕಾಲಿನ ಹೆಬ್ಬೆರಳು ಹಿಡಿದುಕೊಂಡಿದ್ದಾಳೆ. ಅದು ಆಡುತ್ತಿದೆಯೋ ಇಲ್ಲವೋ ನೋಡುತ್ತಿರು ಎಂದು ಅಜ್ಜಿ ಹೇಳಿಕೊಟ್ಟಿದ್ದಾರೆ.