ಬಿಚ್ಚಬೇಕಾದ ಪದಕ

ಸೆಲ್ಲೆ, ೯ ಅಕ್ಟೋಬರ್ ೧೯೬೨

ಮಾನ್ಯ ಲ್ಯೂಡರ್ಸ್ ಅವರೇ,

ಅಪ್ಪನ ಹುಟ್ಟುಹಬ್ಬಕ್ಕೆಂದು ನೀವು ಸರಿಪಡಿಸಿದ, ಕೋಟಿನ ಎದೆಗೆ ಸಿಕ್ಕಿಸುವ, ಮೊದಲ ಮಹಾಯುದ್ಧದ ಪದಕಗಳ ಸಾಲು ತಲುಪಿತು. ಖಾಲಿ ಜಾಗದಲ್ಲಿ ನೀವು ಹೊಲಿದ ಪದಕ ಬೇರೆಯದೆಂದು ನನಗೇ ಗೊತ್ತಾಗಲಿಲ್ಲ.

ಮೂಲ ಪದಕ ಕಳೆದುಹೋಯಿತೆಂದು ನಿಮಗೆ ಹೇಳಿದ್ದೆ. ನಿಜವೆಂದರೆ, ನನ್ನ ತಮ್ಮ ಫೋಲ್ಕ್‌ಮಾರ್ ಎರಡನೇ ಮಹಾಯುದ್ಧಕ್ಕೆ ಹೊರಟಾಗ ಅಪ್ಪನೇ ಅದನ್ನು ಬಿಚ್ಚಿ, "ವಾಪಸ್ ಬಂದು ನೀನೇ ಕೊಡ್ಬೇಕು ಕಣೋ" ಎಂದು ಅವನ ಜೇಬಿಗೆ ಹಾಕಿದ್ದರು. ಅವನು ಬರಲಿಲ್ಲ.

ಈಗ ಅಪ್ಪನಿಗೆ ಮರೆವು. ಪದಕ ಮುಟ್ಟಿ ನೋಡಿ, "ಫೋಲ್ಕ್‌ಮಾರ್ ಬಂದ್ನೇನೇ? ಎಲ್ಲಿದಾನೆ, ಕರಿ!" ಎಂದರು. ಅಂದಿನಿಂದ ಕೋಟು ತೊಟ್ಟು ಬಾಗಿಲಲ್ಲೇ ಕೂತಿದ್ದಾರೆ. ಅವನು ಸತ್ತ ಸುದ್ದಿಯನ್ನು ಎರಡನೇ ಸಲ ಹೇಳಲು ನನ್ನಿಂದಾಗದು.

ಸಾಲನ್ನು ಇದರೊಂದಿಗೆ ಕಳಿಸಿದ್ದೇನೆ. ದಯವಿಟ್ಟು ಆ ಪದಕವನ್ನು ಬಿಚ್ಚಿ ಕೊಡಿ. ಬೇಗ ಆದರೆ ಉಪಕಾರ. ಅವರು ಊಟಕ್ಕೂ ಏಳುತ್ತಿಲ್ಲ.

ನಮಸ್ಕಾರಗಳೊಂದಿಗೆ,
ಇರ್ಮ್‌ಟ್ರಾಟ್ ಬೆಂಕೆ